ಹೇಗ್‌ನ ಮೌರಿಟ್ಸ್‌ಹೌಸ್‌ಗೆ ಹೋದ್ರೆ ಚೀಸ್ ಇರೋ ಆ ಪುಟ್ಟ ಚಿತ್ರ ಮಿಸ್ ಮಾಡ್ಬೇಡಿ

ನೆದರ್ಲ್ಯಾಂಡ್ಸ್‌ಗೆ ಹೋಗೋ ನಮ್ಮವರು ಸುಮಾರು ಜನ ಆಮ್‌ಸ್ಟರ್‌ಡ್ಯಾಮ್ ನೋಡಿ ವಾಪಸ್ ಬಂದ್ಬಿಡ್ತಾರೆ, ಹೇಗ್ ತನಕ ಬಂದೋರೂ ಮೌರಿಟ್ಸ್‌ಹೌಸ್ ಒಳಗೆ ಸೀದಾ ಡಚ್ ಪೇಂಟರ್ ವರ್ಮೀರ್‌ನ ಮುತ್ತಿನೋಲೆ ಹುಡುಗಿ ಚಿತ್ರದ ಹತ್ರ ಹೋಗಿ ಫೋಟೋ ತಗೊಂಡು ಹೊರಟುಬಿಡ್ತಾರೆ. ಅದನ್ನ ನೋಡ್ಲೇಬೇಕು, ಎರಡು ಮಾತಿಲ್ಲ. ಆದ್ರೆ ನಾನು ಈ ಮ್ಯೂಸಿಯಂಗೆ ಐದಕ್ಕೆ ಐದು ಸ್ಟಾರ್ ಕೊಡ್ತಿರೋದು 17ನೇ ಶತಮಾನದ ಕಲಾವಿದೆ ಕ್ಲಾರಾ ಪೀಟರ್ಸ್ ಬರೆದಿರೋ ಊಟದ ಮೇಜಿನ ಚಿತ್ರಕ್ಕೋಸ್ಕರ.

1615ರ ಆಸುಪಾಸಿನದು, ಮರದ ಹಲಗೆ ಮೇಲೆ ಆಯಿಲ್ ಪೇಂಟ್, ಸೈಜ್ ಬರೀ 34.5 × 49.5 ಸೆಂ.ಮೀ. ಮ್ಯೂಸಿಯಂನವರು ಇದನ್ನ ಕೊಂಡಿದ್ದು 2012ರಲ್ಲಿ. ಹಿಂದೆಲ್ಲಾ ಕತ್ತಲು, ಮುಂದೆ ದೊಡ್ಡ ದೊಡ್ಡ ಚೀಸ್ ಗಡ್ಡೆಗಳನ್ನ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಒಂದು ತಟ್ಟೆಯಲ್ಲಿ ಸುರುಳಿ ಸುರುಳಿ ಬೆಣ್ಣೆ, ಪಕ್ಕದಲ್ಲಿ ಬಾದಾಮಿ, ಒಣ ಅಂಜೂರ, ಒಂದು ಬ್ರೆಡ್ಡು, ಕೋಡುಬಳೆ ಥರ ಸುತ್ತಿರೋ ಪ್ರೆಟ್ಜೆಲ್. ಚೀಸ್ ಕುಯ್ದಿರೋ ಜಾಗ ನೋಡಿ, ಆ ಬಿರುಕು, ಆ ಒರಟು, ಬೆಣ್ಣೆಯ ನುಣುಪೇ ಬೇರೆ, ಗಾಜಿನ ಹೊಳಪೇ ಬೇರೆ, ಒಂದೊಂದಕ್ಕೂ ಕೈ ಬದಲಾಯಿಸಿ ಬರೆದಂಗಿದೆ.

ಇದನ್ನ ಸಾಧಾರಣ ತಿಂಡಿ ಅನ್ಕೋಬೇಡಿ. ಬಾದಾಮಿ, ಅಂಜೂರ ದಕ್ಷಿಣದ ದೇಶಗಳಿಂದ ಬರಬೇಕಿತ್ತು, ಗ್ಲಾಸ್ ವೆನಿಸ್ ಶೈಲಿದು, ಬೆಣ್ಣೆ ಇಟ್ಟಿರೋ ತಟ್ಟೆ ಚೀನಾದ ವಾನ್‌ಲಿ ಚಕ್ರವರ್ತಿ ಕಾಲದ ಪಿಂಗಾಣಿ. 1603ರಲ್ಲಿ ಡಚ್ಚರು ಪೋರ್ಚುಗೀಸರ ಸಾಂತಾ ಕತರೀನಾ ಹಡಗು ಹಿಡಿದು ಅದರಲ್ಲಿದ್ದ ಪಿಂಗಾಣಿನ 1604ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜು ಹಾಕಿದ್ರು, ಆಮೇಲೆ ಆ ಕಡೆ ಶ್ರೀಮಂತರಿಗೆ ಈ ನೀಲಿ ಬಿಳಿ ತಟ್ಟೆಗಳ ಹುಚ್ಚು ಹಿಡೀತು. ಅಂಥಾ ತಟ್ಟೆ ಇದು.

ಈಗ ಅಸಲಿ ವಿಷಯ. ಹಿಂದಿರೋ ಹೂಜಿಯ ಲೋಹದ ಮುಚ್ಚಳ ಇದ್ಯಲ್ಲ, ಅದರ ಹತ್ರ ಕಣ್ಣು ತಗೊಂಡು ಹೋಗಿ. ಪುಟ್ಟದಾಗಿ ಒಂದು ಮುಖ ಕಾಣುತ್ತೆ. ಅದು ಕ್ಲಾರಾನೇ, ತನ್ನ ಪ್ರತಿಬಿಂಬನ ತಾನೇ ಬರೆದಿರೋದು! ಮುಂದೆ ಮೇಜಿನ ಅಂಚಲ್ಲಿರೋ ಬೆಳ್ಳಿ ಚಾಕುವಿನ ಹಿಡಿ ಮೇಲೆ ಕೆತ್ತಿದಂಗೆ ಕ್ಲಾರಾ ಪೀಟರ್ಸ್ ಅಂತ ಹೆಸರೂ ಇದೆ, ಚಿತ್ರಕ್ಕೆ ಸಹಿ ಅದೇ. ಈಕೆ ಈಗಿನ ಬೆಲ್ಜಿಯಂನ ಆಂಟ್‌ವರ್ಪ್ ಕಡೆ ಕೆಲಸ ಮಾಡಿದ್ದು ಅನ್ನೋದು ಬಿಟ್ರೆ ಬದುಕಿನ ಬಗ್ಗೆ ಕಾಗದ ಪತ್ರ ತೀರಾ ಕಮ್ಮಿ, ಹಂಗಾಗಿ ಆ ಮುಖ, ಆ ಹೆಸರು ನೋಡ್ದಾಗ ನಂಗಂತೂ ಗಂಟಲು ಕಟ್ಟಿತು. ಹೆಂಗಸರು ಪೇಂಟರ್ ಆಗೋದೇ ಅಪರೂಪ ಆಗಿದ್ದ ಕಾಲದಲ್ಲಿ, ಇದನ್ನ ಬರೆದಿದ್ದು ನಾನೇ ಅಂತ ಎರಡೆರಡು ಕಡೆ ಹೇಳಿದಾಳೆ.

ಅದಕ್ಕೇ ಪ್ರಿಂಟ್ ನಂಬ್ಕೋಬೇಡಿ. ಒಂದು ಆನ್‌ಲೈನ್ ಅಂಗಡಿಯಿಂದ ಫ್ರೇಮ್ ಹಾಕಿದ್ದು ತರಿಸಿದ್ದೆ, ಮುಚ್ಚಳ ಪೂರ್ತಿ ಕಪ್ಪು, ಮುಖಾನೇ ಇಲ್ಲ, ಚೀಸ್ ಬಣ್ಣ ಅರಿಶಿನ ಸುರಿದಂಗೆ. ದುಡ್ಡು ದಂಡ. ಎದುರಿಗೇ ನಿಂತು ನೋಡ್ಬೇಕು.

ಜಾಗದ ಬಗ್ಗೆ ಹೇಳ್ಬೇಕಂದ್ರೆ, ಹೇಗ್ ಸೆಂಟ್ರಲ್ ಸ್ಟೇಷನ್‌ನಿಂದ ಆರಾಮಾಗಿ ನಡ್ಕೊಂಡೇ ಹೋಗ್ಬಹುದು, ಪಕ್ಕದಲ್ಲೇ ಕೊಳ ಇದೆ, 17ನೇ ಶತಮಾನದ ಕಟ್ಟಡ. ಚಿಕ್ಕದು ಅನ್ನೋದೇ ಇದರ ದೊಡ್ಡ ಪ್ಲಸ್, ಕಾಲು ನೋವು ಬರಲ್ಲ, ಅರ್ಧ ದಿನದಲ್ಲಿ ರೆಂಬ್ರಾಂಟ್, ಫ್ಯಾಬ್ರಿಷಿಯಸ್ ಥರದ ಡಚ್ ಪೇಂಟರ್‌ಗಳ ಚಿತ್ರ ಎಲ್ಲಾ ನೋಡಿ ಮತ್ತೆ ಇದರ ಮುಂದೆ ಬಂದು ನಿಲ್ಲೋಕೂ ಟೈಮ್ ಉಳಿಯುತ್ತೆ. ಚಿತ್ರಗಳು ಕೆಲವೊಮ್ಮೆ ಬೇರೆ ಊರಿನ ಪ್ರದರ್ಶನಗಳಿಗೆ ಹೋಗಿರ್ತವೆ, ಟಿಕೆಟ್ ತಗೊಳ್ಳೋ ಮುಂಚೆ ಇದು ಗೋಡೆ ಮೇಲೆ ಇದ್ಯಾ ಅಂತ ಅವರ ವೆಬ್‌ಸೈಟಲ್ಲಿ ಒಂದ್ಸಲ ನೋಡ್ಕೊಳಿ.

ಇದು ಇಷ್ಟ ಆಗಿ ಮುಂದೆ ಸ್ಪೇನ್ ಕಡೆ ಹೋಗೋ ಪ್ಲಾನ್ ಇದ್ರೆ ಮ್ಯಾಡ್ರಿಡ್‌ನ ಪ್ರಾಡೋದಲ್ಲಿ ಈಕೆಯದು ನಾಲ್ಕು ಚಿತ್ರ ಇದೆ. ಆ ಮ್ಯೂಸಿಯಂ ಒಬ್ಬ ಮಹಿಳಾ ಕಲಾವಿದೆಗೆ ಅಂತಾನೇ ಮೊದಲ ಸಲ ಪ್ರದರ್ಶನ ಇಟ್ಟಿದ್ದು 2016ರಲ್ಲಿ, ಅದು ಇವಳದ್ದೇ. ಅಲ್ಲಿ 1611ರ ಒಂದು ಚಿತ್ರದಲ್ಲಿ ಹೂವು, ಒಣಹಣ್ಣು, ವೈನ್ ಪಕ್ಕ ಚಿನ್ನದ ಬಣ್ಣದ ಬಟ್ಟಲಿದೆ, ಅದರ ಉಬ್ಬು ಉಬ್ಬುಗಳಲ್ಲಿ ಮತ್ತೆ ಮತ್ತೆ ಅದೇ ಮುಖ ಹುಡುಕಿ.