ಬ್ಲೈಂಡ್ ಫೇತ್ ತಂಡದ ಏಕೈಕ ಎಲ್‌ಪಿ: ಕೊಳ್ಳಬಹುದೇ?

ಬ್ಲೈಂಡ್ ಫೇತ್ ಎಂಬ ಬ್ರಿಟಿಷ್ ರಾಕ್ ತಂಡ 1969ರಲ್ಲಿ ಹುಟ್ಟಿ ಅದೇ ವರ್ಷ ಮುಗಿದುಹೋಯಿತು. ಅದು ಹೊರತಂದದ್ದು ತಂಡದ ಹೆಸರನ್ನೇ ಹೊತ್ತ ಒಂದೇ ಸ್ಟುಡಿಯೋ ಆಲ್ಬಮ್. ಅದರಲ್ಲಿರುವುದು ಆರೇ ಹಾಡು. ಅದರ ಹಳೆಯ ಅಮೆರಿಕನ್ ಪ್ರತಿಯೊಂದು ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸಿನ ಹಳೆ ಸಾಮಾನಿನ ಅಂಗಡಿಯಲ್ಲಿ, ಹಿಂದಿ ಚಿತ್ರಗೀತೆಗಳ ರೆಕಾರ್ಡುಗಳ ನಡುವೆ ನನಗೆ ಸಿಕ್ಕಿತು. "ಮೊದ್ಲ ಹಾಕಿ ಕೇಳ್ರಿ ಸರ್, ರೊಕ್ಕದ ಮಾತು ಆಮ್ಯಾಲ" ಎಂದ ಅಂಗಡಿಯವರು ಕೊನೆಗೆ 1,500 ರೂಪಾಯಿಗೆ ಒಪ್ಪಿದರು. ಹೊದಿಕೆಯ ಕೆಳ ಅಂಚು ಮಳೆಗಾಲದ ತೇವಕ್ಕೆ ಉಬ್ಬಿ ಬಿಚ್ಚಿಕೊಂಡಿದೆ. ಮೇಲೆ ತಂಡದ ನಾಲ್ವರ ಚಿತ್ರವಿದೆ. ಬ್ರಿಟನ್ನಿನ ಮೂಲ ಹೊದಿಕೆಯ ಚಿತ್ರಕ್ಕೆ ಆಕ್ಷೇಪ ಬಂದುದರಿಂದ ಅಮೆರಿಕದಲ್ಲಿ ಈ ಬದಲಿ ಹೊದಿಕೆಯನ್ನೂ ಹೊರತರಲಾಯಿತು. ಮನೆಯಲ್ಲಿಡಲು ಇದೇ ಲೇಸು.

ತಂಡ ಕೂಡಿದ ಬಗೆಯನ್ನು ತಿಳಿದರೆ ರೆಕಾರ್ಡಿನ ಗುಣದೋಷಗಳೆರಡೂ ಅರ್ಥವಾಗುತ್ತವೆ. 1968ರ ನವೆಂಬರಿನಲ್ಲಿ ಕ್ರೀಮ್ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಿದಾಯದ ಕಛೇರಿ ನಡೆಸಿ ಚದುರಿದ ಮೇಲೆ, ಅದರ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಟ್ರಾಫಿಕ್ ತಂಡದಿಂದ ಹೊರಬಂದ ಗಾಯಕ ಸ್ಟೀವ್ ವಿನ್‌ವುಡ್ ಜೊತೆ ಸೇರಿ ಗೊತ್ತುಗುರಿಯಿಲ್ಲದೆ ನುಡಿಸತೊಡಗಿದರು. ಕ್ರೀಮ್‌ನ ಡ್ರಮ್ಮರ್ ಜಿಂಜರ್ ಬೇಕರ್ ಕರೆಯದೆಯೇ ಬಂದು ಕೂಡಿಕೊಂಡರು; ಹಳೆಯ ಜಗಳಗಳಿಂದ ದೂರವಿರಲು ಬಯಸಿದ್ದ ಕ್ಲಾಪ್ಟನ್ ಇದಕ್ಕೆ ಅರೆಮನಸ್ಸಿನಿಂದಲೇ ಒಪ್ಪಿದರು. ಫ್ಯಾಮಿಲಿ ತಂಡದ ರಿಕ್ ಗ್ರೆಚ್ ಬೇಸ್ ಗಿಟಾರಿಗೂ ಪಿಟೀಲಿಗೂ ಬಂದರು. 1969ರ ಜೂನ್ 7ರಂದು ಹೈಡ್ ಪಾರ್ಕಿನಲ್ಲಿ ನಡೆದ ಮೊದಲ ಉಚಿತ ಕಛೇರಿಗೆ ಭಾರಿ ಜನಸ್ತೋಮ ನೆರೆಯಿತು. ಇನ್ನೂ ಹದಗೊಳ್ಳದ ಕೂಟಕ್ಕೆ ಅಷ್ಟು ನಿರೀಕ್ಷೆ ಹೊರೆಯೇ ಆಯಿತೆಂದು ನನ್ನ ಅನಿಸಿಕೆ. ಆಗಸ್ಟಿನಲ್ಲಿ ಬಂದ ಆಲ್ಬಮ್ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು; ಆದರೆ ಅದೇ ತಿಂಗಳು ಅಮೆರಿಕ ಪ್ರವಾಸ ಹವಾಯಿಯಲ್ಲಿ ಕೊನೆಗೊಳ್ಳುತ್ತಿದ್ದಂತೆ ತಂಡವೂ ಕೊನೆಗೊಂಡಿತು. ಪ್ರವಾಸದುದ್ದಕ್ಕೂ ಜನ ಕ್ರೀಮ್, ಟ್ರಾಫಿಕ್ ಹಾಡುಗಳನ್ನೇ ಕೇಳುತ್ತಿದ್ದರು. ಅಷ್ಟರಲ್ಲಿ ಕ್ಲಾಪ್ಟನ್ನರ ಒಲವು, ತಮಗಿಂತ ಮುಂಚೆ ವೇದಿಕೆ ಏರುತ್ತಿದ್ದ ಡೆಲಾನಿ ಮತ್ತು ಬಾನಿ ದಂಪತಿಯ ತಂಡದ ಕಡೆಗೆ ವಾಲಿತ್ತು.

ಇನ್ನು ಸಂಗೀತ. ಮೊದಲ ಮಗ್ಗುಲಿನ ನಾಲ್ಕು ಹಾಡುಗಳಿಗಾಗಿಯೇ ಈ ರೆಕಾರ್ಡನ್ನು ಕೊಳ್ಳಬಹುದು. ಎರಡನೆಯದಾದ 'ಕಾಂಟ್ ಫೈಂಡ್ ಮೈ ವೇ ಹೋಮ್' ಮೂರು ನಿಮಿಷಗಳ ಚಿಕ್ಕ ಹಾಡು. ಅಕೂಸ್ಟಿಕ್ ಗಿಟಾರಿನ ಮೇಲೆ ವಿನ್‌ವುಡ್ಡರ ಕಂಠ ತಾರಸ್ಥಾಯಿಗೆ ಏರಿದರೂ ಕಿರಿಚುವುದಿಲ್ಲ. ಅಬ್ಬರಕ್ಕೆ ಹೆಸರಾದ ಬೇಕರ್ ಇಲ್ಲಿ ಸಾಥಿಗೆ ಕುಳಿತ ತಬಲಜಿಯಂತೆ ಗಾಯನದ ನೆರಳಿನಲ್ಲೇ ಉಳಿದಿದ್ದಾರೆ. ನನ್ನ ಪ್ರತಿಯಲ್ಲಿ ಇದೇ ಹಾಡಿನ ಆರಂಭದಲ್ಲಿ ಗೀರೊಂದು ಸುತ್ತಿಗೊಮ್ಮೆ ಟಕ್ಕೆನ್ನುತ್ತದೆ. ಡಿಸ್ಟಿಲ್ಡ್ ನೀರಿನಿಂದ ಒರೆಸಿದ ಮೇಲೆ ಧೂಳಿನ ಚಿಟಪಟ ತಗ್ಗಿತೇ ಹೊರತು ಗೀರು ಹೋಗಲಿಲ್ಲ. ಆ ಮಗ್ಗುಲಿನ ಕೊನೆಗೆ ಬರುವ 'ಪ್ರೆಸೆನ್ಸ್ ಆಫ್ ದ ಲಾರ್ಡ್' ಕ್ಲಾಪ್ಟನ್ನರ ರಚನೆಯಾದರೂ ಹಾಡಿದವರು ವಿನ್‌ವುಡ್. ವಿಲಂಬಿತದಲ್ಲಿ ಸಾಗುವ ಪ್ರಾರ್ಥನೆಯ ನಡುವೆ ಗಿಟಾರ್ ಒಮ್ಮೆಲೇ ದ್ರುತಕ್ಕೆ ಹಾರಿ, ಮತ್ತೆ ಮೊದಲಿನ ಲಯಕ್ಕೆ ಮರಳುವ ಕಡೆ ಈ ತಂಡ ಏನಾಗಬಹುದಿತ್ತೆಂಬುದು ತಿಳಿಯುತ್ತದೆ.

ಎರಡನೆಯ ಮಗ್ಗುಲು ಗ್ರೆಚ್ಚರ ಪಿಟೀಲಿರುವ 'ಸೀ ಆಫ್ ಜಾಯ್' ಹಾಡಿನಿಂದ ಚೆನ್ನಾಗಿಯೇ ತೊಡಗುತ್ತದೆ. ಉಳಿದ ಜಾಗವನ್ನೆಲ್ಲ 15 ನಿಮಿಷ ಮೀರುವ ಬೇಕರರ 'ಡು ವಾಟ್ ಯು ಲೈಕ್' ನುಂಗಿದೆ. ಐದು ಮಾತ್ರೆಗಳ ಲಯವದು. ಝಪ್‌ತಾಳ ಕೇಳಿ ಬೆಳೆದ ಧಾರವಾಡದ ಕಿವಿಗೆ ಆ ಲೆಕ್ಕ ತೊಡಕಾಗುವುದಿಲ್ಲ, ಕೈಯಲ್ಲಿ ತಾಳ ಹಾಕುತ್ತಲೇ ಕೇಳಬಹುದು. ತೊಡಕಿರುವುದು ಬೇರೆ ಕಡೆ. ಆರ್ಗನ್, ಗಿಟಾರ್, ಬೇಸ್, ಡ್ರಮ್ಸ್ ಹೀಗೆ ಒಬ್ಬರಾದ ಮೇಲೊಬ್ಬರು ತಮ್ಮ ಪಾಳಿ ಮುಗಿಸುತ್ತಾರೆಯೇ ಹೊರತು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದಿಲ್ಲ. ನಾಲ್ವರೂ ಪಳಗಿದವರು, ಆದರೆ ಜೊತೆಗೂಡಿ ತಾಲೀಮು ಮಾಡಿದ ದಿನಗಳು ಕಡಿಮೆಯೆಂಬುದು ಇಲ್ಲಿ ಮುಚ್ಚಿಡಲಾಗದಷ್ಟು ಸ್ಪಷ್ಟ. ಬೇಕರರ ಡ್ರಮ್ಸ್ ಭಾಗವನ್ನು ಮಾತ್ರ ಲಯದ ಆಸಕ್ತಿಯುಳ್ಳವರು ತಪ್ಪದೆ ಕೇಳಬೇಕು.

ಸಂಗೀತಕ್ಕೆ ಐದರಲ್ಲಿ ನಾಲ್ಕು, ನನ್ನ ಪ್ರತಿಯ ಸ್ಥಿತಿಗೆ ಎರಡೂವರೆ. ಹಾಡು ಕೇಳುವುದಷ್ಟೇ ಉದ್ದೇಶವಾದರೆ ಹೊಸ ಮರುಮುದ್ರಣವೇ ವಾಸಿ. ಹಳೆಯದೇ ಬೇಕೆನ್ನುವವರು ಕೊಳ್ಳುವ ಮುನ್ನ ಎರಡನೆಯ ಹಾಡನ್ನು ಪೂರ್ತಿ ಹಾಕಿಸಿ ಕೇಳಲಿ. ಮುಳ್ಳು ಹಾರದಿದ್ದರೆ 1,500ಕ್ಕೆ ಮೋಸವಿಲ್ಲ.