ಎಚ್‌ಡಿ ವಿಡಿಯೋ ಡಿವಿಡಿಗೆ ಇಳಿಸೋಕೆ ಎಫ್‌ಎಫ್‌ಎಂಪೆಗ್, ಡಿವಿಡಿಸ್ಟೈಲರ್: 6 ವರ್ಷ ಬಳಸಿದ್ಮೇಲೆ

ಮನೆ ಫಂಕ್ಷನ್ನು, ಮಕ್ಕಳ ಸ್ಕೂಲ್ ಡೇ ಎಲ್ಲಾದನ್ನೂ ನಾನೇ ಶೂಟ್ ಮಾಡಿ ಎಡಿಟ್ ಮಾಡಿ ಡಿವಿಡಿ ಮಾಡಿಕೊಡ್ತೀನಿ, ಯಾಕಂದ್ರೆ ಹಿರಿಯರಿಗೆ ಲಿಂಕು, ಪೆನ್‌ಡ್ರೈವು ಆಗಿಬರಲ್ಲ, ಡಿಸ್ಕ್ ಹಾಕಿ ಪ್ಲೇ ಒತ್ತಿದ್ರೆ ಓಡ್ಬೇಕು ಅಷ್ಟೇ. ಮೊದಮೊದಲು ಎಡಿಟಿಂಗ್ ಸಾಫ್ಟ್‌ವೇರಲ್ಲೇ ಇದ್ದ ಬರ್ನ್ ಬಟನ್ ಒತ್ತಿಬಿಡ್ತಿದ್ದೆ. ಕಂಪ್ಯೂಟರಲ್ಲಿ ಅಷ್ಟು ಚೆನ್ನಾಗಿದ್ದಿದ್ದು ಟಿವೀಲಿ ಮಂಜುಮಂಜು, ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಮೆಟ್ಟಿಲ ಕಂಬಿಗಳ ಮೇಲೆ ಇರುವೆ ಸಾಲು ಹರಿದಾಡಿದಂಗೆ ಕಾಣ್ತಿತ್ತು, ತುಂಬ ಬೇಜಾರಾಗಿತ್ತು.

ಒಂದು ಮಾತು ಮೊದಲೇ ಹೇಳ್ತೀನಿ, ಎಚ್‌ಡಿ ಅಂದ್ರೆ 1920x1080, ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿ ಬರೀ 720x576, ಲೆಕ್ಕ ಹಾಕಿದ್ರೆ ಐದರಲ್ಲಿ ನಾಲ್ಕು ಭಾಗ ಪಿಕ್ಸೆಲ್ ಹೋಗೇ ಹೋಗುತ್ತೆ, ಅದನ್ನ ಯಾರೂ ಉಳಿಸೋಕಾಗಲ್ಲ. ಉಳಿದ ಒಂದು ಭಾಗ ನೀಟಾಗಿ ಬರೋ ಹಾಗೆ ನೋಡ್ಕೊಳ್ಳೋದೇ ನಮ್ಮ ಕೆಲಸ.

ಈಗ ನಾನು ಎಡಿಟರ್‌ನಿಂದ ಲಾಸ್‌ಲೆಸ್ (ಗುಣಮಟ್ಟ ಕಳೆಯದ) ಫೈಲ್ ಒಂದನ್ನ ಎಚ್‌ಡಿ ಸೈಜಲ್ಲೇ ತೆಗೀತೀನಿ, ಚಿಕ್ಕದು ಮಾಡೋದು, ಎಂಪೆಗ್-2 (ಡಿವಿಡಿಗೆ ಬೇಕಾದ ವಿಡಿಯೋ ಫಾರ್ಮ್ಯಾಟು) ಮಾಡೋದು ಎರಡೂ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರಲ್ಲಿ. ಸ್ಕೇಲಿಂಗಿಗೆ, ಅಂದ್ರೆ ಚಿಕ್ಕದು ಮಾಡೋಕೆ, ಲ್ಯಾಂಜೋಸ್ ಅನ್ನೋ ವಿಧಾನ ಹಾಕಿದ್ಮೇಲೆ ದೂರ ಕೂತವರ ಮುಖ, ಚೆಕ್ಸ್ ಶರ್ಟಿನ ಗೆರೆ ಎಲ್ಲ ಗುರುತು ಸಿಗೋ ಹಾಗಾಯ್ತು. ಆದ್ರೆ ನನ್ನನ್ನ ತಿಂಗಳುಗಟ್ಟಲೆ ಕಾಡಿದ್ದು ಇಂಟರ್‌ಲೇಸು. ನನ್ನ ಕ್ಯಾಮೆರಾ 1080ಐ, ಅಂದ್ರೆ ಒಂದು ಫ್ರೇಮಲ್ಲಿ ಬೆಸ ಗೆರೆ ಒಂದು ಗಳಿಗೇದು, ಸಮ ಗೆರೆ ಅದರ ಮುಂದಿನ ಗಳಿಗೇದು, ಇದನ್ನ ಹಂಗೇ 576 ಗೆರೆಗೆ ಇಳಿಸಿದ್ರೆ ಎರಡೂ ಕಲಸಿಹೋಗುತ್ತೆ, ಡ್ಯಾನ್ಸಲ್ಲಿ ಮಗಳು ಕೈ ಬೀಸಿದಾಗ ಬೆರಳು ಬಾಚಣಿಗೆ ಹಲ್ಲಿನ ಥರ ಸೀಳಿಕೊಂಡು ಕಾಣ್ತಿತ್ತು. ಈಗ ಮೊದಲು ಇಂಟರ್‌ಲೇಸ್ ಬಿಡಿಸೋ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಹಾಕಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡ್ಕೋತೀನಿ, ಆಮೇಲೆ ಚಿಕ್ಕದು ಮಾಡಿ, ಕೊನೇಲಿ ವಾಪಸ್ ಇಂಟರ್‌ಲೇಸ್ ಮಾಡ್ತೀನಿ. ಫೀಲ್ಡ್ ಆರ್ಡರ್ (ಬೆಸ, ಸಮ ಗೆರೆಗಳಲ್ಲಿ ಯಾವುದು ಮೊದಲು ಅನ್ನೋದು) ಉಲ್ಟಾ ಆದ್ರೆ ನಡೆಯೋರು ಹಿಂದೆ ಮುಂದೆ ಜಗ್ಗಿದಂಗೆ ಕಾಣ್ತಾರೆ, ಇದು ಕಂಪ್ಯೂಟರಲ್ಲಿ ಸುಲಭಕ್ಕೆ ಗೊತ್ತಾಗಲ್ಲ, ಟಿವೀಲೇ ನೋಡಿ.

ಬಣ್ಣದ್ದೂ ಒಂದಿದೆ, ಬಣ್ಣ ಲೆಕ್ಕ ಹಾಕೋ ಸೂತ್ರ (ಮ್ಯಾಟ್ರಿಕ್ಸು) ಎಚ್‌ಡಿಗೆ 709, ಡಿವಿಡಿಗೆ 601, ಕನ್ವರ್ಟ್ ಮಾಡು ಅಂತ ಕಮಾಂಡಲ್ಲಿ ಬರೀಲಿಲ್ಲ ಅಂದ್ರೆ ಮುಖದ ಬಣ್ಣ ಸ್ವಲ್ಪ ವಾಲುತ್ತೆ. ಚಿತ್ರದ ಅಗಲ-ಎತ್ತರದ ಅಳತೆ 16:9 ಅಂತ ಹಾಕೋದೂ ಮರೀಬೇಡಿ.

ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಡಿವಿಡೀಲಿ ವಿಡಿಯೋಗೆ ಗರಿಷ್ಠ 9.8 ಎಂಬಿಪಿಎಸ್, ನಾನು 8 ದಾಟಲ್ಲ, ಕೆಲವು ಹಳೇ ಪ್ಲೇಯರ್‌ಗಳು ತಡವರಿಸ್ತವೆ. 4.7 ಜಿಬಿ ಡಿಸ್ಕಿಗೆ ಒಂದು ಗಂಟೆ ಆರಾಮ, ಎರಡು ಗಂಟೆ ತುರುಕಿದ್ರೆ ಬಿಟ್‌ರೇಟ್ ಆಡಿಯೋ ಸೇರಿ 5 ಚಿಲ್ಲರೆ ಎಂಬಿಪಿಎಸ್‌ಗೆ ಇಳಿಯುತ್ತೆ, ಆಗ ಎರಡು ಡಿಸ್ಕ್ ಮಾಡೋದೇ ವಾಸಿ. ಟು ಪಾಸ್ (ವಿಡಿಯೋನ ಎರಡು ಸಲ ಓಡಿಸಿ ಎನ್‌ಕೋಡ್ ಮಾಡೋದು) ಹಾಕಿ, ಟೈಮ್ ಹಿಡಿದ್ರೂ ಪರವಾಗಿಲ್ಲ. ಆಡಿಯೋ ಕುಗ್ಗಿಸದ ಪಿಸಿಎಂ ಬದಲು ಕುಗ್ಗಿಸಿದ ಎಸಿ-3 ಇಟ್ರೆ ಒಂದು ಎಂಬಿಪಿಎಸ್‌ಗಿಂತ ಜಾಸ್ತಿನೇ ವಿಡಿಯೋಗೆ ಉಳಿಯುತ್ತೆ.

ಮೆನು ಮಾಡೋಕೆ ಡಿವಿಡಿಸ್ಟೈಲರ್, ಫ್ರೀ. ಅದರಲ್ಲಿ ವಿಡಿಯೋ ಪ್ರಾಪರ್ಟೀಸಿಗೆ ಹೋಗಿ ಫಾರ್ಮ್ಯಾಟ್ 'ಕಾಪಿ' ಅಂತಿದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದನ್ನ ಇನ್ನೊಂದ್ಸಲ ಎನ್‌ಕೋಡ್ ಮಾಡಿಬಿಡುತ್ತೆ.

ಎಫ್‌ಎಫ್‌ಎಂಪೆಗ್‌ನಲ್ಲಿ ಬಟನ್ನು ಕಿಟಕಿ ಏನೂ ಇಲ್ಲ, ಬರೀ ಕಮಾಂಡು, ಕಲಿಯೋಕೆ ನನಗೆ ಎರಡು ವಾರ ಹಿಡೀತು. ಆಮೇಲೆ ಅದೇ ಕಮಾಂಡ್ ಒಂದು ಫೈಲಲ್ಲಿ ಇಟ್ಕೊಂಡು ಆರು ವರ್ಷದಿಂದ ಬಳಸ್ತಿದೀನಿ. ಹೋದ ತಿಂಗಳು ಹಳೇ ಡ್ಯಾನ್ಸ್ ವಿಡಿಯೋನ ಇದೇ ಥರ ಮತ್ತೆ ಡಿಸ್ಕ್ ಮಾಡ್ದೆ, ಅಜ್ಜಿ ಪೂರ್ತಿ ನೋಡಿ ಹಿಂದಿನ ಸಾಲಲ್ಲಿ ನಿಂತಿದ್ದ ಮೊಮ್ಮಗಳನ್ನ ಈ ಸಲ ಅವರೇ ಗುರುತು ಹಿಡಿದ್ರು.