ಮನೆಯಲ್ಲೇ ಮದುವೆ ಕಾರ್ಡ್ – ಇಂಕ್ ಟ್ಯಾಂಕ್ ಪ್ರಿಂಟರ್ ಐದು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಮದುವೆ ಕಾರ್ಡ್ ಪ್ರಿಂಟ್ ಮಾಡಬೇಕು ಅಂತಿರುವವರು ಮೊದಲು ಒಂದು ಕೆಲಸ ಮಾಡಿ. ಒಂದೇ ಒಂದು ಕಾರ್ಡ್ ತೆಗೆಯಿರಿ. ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಅರಿಶಿನವನ್ನು ನೀರಲ್ಲಿ ಕಲಸಿ ನಾಲ್ಕೂ ಮೂಲೆಗೆ ಹಚ್ಚಿ. ಆಮೇಲೆ ಉಳಿದ ಮಾತು. ಯಾಕೆಂದರೆ ನಮ್ಮ ಮನೆಗಳಲ್ಲಿ ಕಾರ್ಡ್ ಪ್ರಿಂಟರ್‌ನಿಂದ ಹೊರಬಂದ ತಕ್ಷಣ ಕೆಲಸ ಮುಗಿಯುವುದಿಲ್ಲ. ಒದ್ದೆ ಬೆರಳು ತಾಗಬೇಕು, ಕುಂಕುಮ ತಾಗಬೇಕು, ಮಂತ್ರಾಕ್ಷತೆ ಸೇರಬೇಕು. ಇದನ್ನು ನಾನು ತಂಗಿಯ ಮದುವೆಯಲ್ಲಿ ಕಲಿತೆ.

ನಮ್ಮದು ಹಾಸನ. ಪ್ರಿಂಟರ್ ತಂದದ್ದು 2020ರಲ್ಲಿ, ಮಕ್ಕಳ ಆನ್‌ಲೈನ್ ಪಾಠಕ್ಕೆಂದು. ಬಾಟಲಿಯಿಂದ ಇಂಕ್ ಸುರಿಯುವ ಬಗೆ. 2021ರಲ್ಲಿ ತಂಗಿ ಮದುವೆ ಗೊತ್ತಾಯಿತು. ಕೊರೊನಾ ಕಾಲ, ಎಷ್ಟು ಜನ ಸೇರಬಹುದು ಅನ್ನುವುದಕ್ಕೆ ಮಿತಿ ಇತ್ತು. ನಮಗೆ ಬೇಕಿದ್ದದ್ದು 60 ಕಾರ್ಡ್. ಪ್ರೆಸ್‌ನಲ್ಲಿ ಕೇಳಿದರೆ 60ಕ್ಕೂ 200ಕ್ಕೂ ಖರ್ಚಲ್ಲಿ ಹೆಚ್ಚು ಅಂತರ ಇಲ್ಲ ಅಂದರು. ಅದು ನಿಜವೇ. ಪ್ರೆಸ್‌ನ ಆಫ್‌ಸೆಟ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ಪ್ಲೇಟ್ ಮಾಡಬೇಕು, ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್, ಅಂದರೆ ಇಂಕ್ ಇಳಿಸುವ ಬಲೆ. ಕಾರ್ಡ್ ಹತ್ತಿರಲಿ ಸಾವಿರವಿರಲಿ, ಆ ಕೂಲಿ ತಪ್ಪುವುದಿಲ್ಲ. ಹಾಗಾಗಿ ಮನೆಯಲ್ಲೇ ಮಾಡಿದೆವು.

ವಧೂವರರ ಹೆಸರು, ಮುಹೂರ್ತದ ಸಾಲು ಎಲ್ಲವನ್ನೂ ಕುಂಕುಮದ ಬಣ್ಣದಲ್ಲಿ ಇಟ್ಟಿದ್ದೆ. ನೋಡಲು ತುಂಬ ಚೆನ್ನಾಗಿತ್ತು. ಅಮ್ಮ ಅರಿಶಿನ ಹಚ್ಚಲು ಕೂತರು. ಮೂರನೇ ಕಾರ್ಡಿಗೇ ಮೂಲೆಯ ಹೂಬಳ್ಳಿ ಕಲಸಿಹೋಯಿತು, ಕೆಳಗಿನ ಸಾಲಿನ ಕೆಂಪು ಬೆರಳಿಗೆ ಬಂತು. ಅಮ್ಮ ಏನೂ ಅನ್ನಲಿಲ್ಲ, ಆದರೆ ಅವರ ಮುಖ ನೋಡಿ ನನಗೆ ಸಂಕಟವಾಯಿತು. ಮಗಳ ಮದುವೆಯ ಮೊದಲ ಕಾರ್ಡುಗಳು, ಅಲ್ವಾ.

ಕಾರಣ ಆಮೇಲೆ ತಿಳಿಯಿತು. ಇಂಕ್‌ನಲ್ಲಿ ಎರಡು ಬಗೆ. ಡೈ ಇಂಕ್ ಅಂದರೆ ನೀರಲ್ಲಿ ಕರಗಿದ ಬಣ್ಣ. ಅದು ಕಾಗದದೊಳಗೆ ಇಳಿಯುತ್ತದೆ, ಮತ್ತೆ ನೀರು ಸಿಕ್ಕರೆ ಹೊರಬರುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ಕಾಗದದ ಮೇಲೆ ಕೂರುತ್ತದೆ. ಒಣಗಿದ ಮೇಲೆ ನೀರಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ನಮ್ಮ ಪ್ರಿಂಟರ್‌ನಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಡೈ. ಕೆಲವು ಪ್ರಿಂಟರ್‌ಗಳಲ್ಲಿ ನಾಲ್ಕೂ ಡೈ, ಕೆಲವದರಲ್ಲಿ ನಾಲ್ಕೂ ಪಿಗ್ಮೆಂಟ್. ಕೊಳ್ಳುವಾಗ ಬಾಟಲಿಯ ಮೇಲೆ ಏನಿದೆ ಅಂತ ಓದಿ. ಇನ್ನೊಂದು ಸೂಕ್ಷ್ಮ ಇದೆ. ಸೆಟ್ಟಿಂಗ್‌ನಲ್ಲಿ ಫೋಟೋ ಪೇಪರ್ ಅಂತ ಆರಿಸಿದರೆ ನಮ್ಮ ಪ್ರಿಂಟರ್ ಆ ಪಿಗ್ಮೆಂಟ್ ಕಪ್ಪನ್ನು ಮುಟ್ಟುವುದೇ ಇಲ್ಲ, ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಪ್ಲೇನ್ ಪೇಪರ್ ಅಂತ ಕೊಟ್ಟರೆ ನಿಜವಾದ ಕಪ್ಪು ಬರುತ್ತದೆ. ಇದೆಲ್ಲ ಮೊದಲೇ ಗೊತ್ತಿದ್ದರೆ ಅವತ್ತು ಆ ಕಾರ್ಡುಗಳು ಕೆಡುತ್ತಿರಲಿಲ್ಲ.

ಆ ರಾತ್ರಿಯೇ ಎಲ್ಲ ಅಕ್ಷರವನ್ನೂ ಕಪ್ಪಿಗೆ ತಂದೆ. ಬಣ್ಣದ ಗಣಪತಿಯನ್ನು ನಡುವಿಗೆ ಇಟ್ಟೆ. ಮೂಲೆಗಳಿಂದ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟೆ. ಹಾಗೇ 60 ಕಾರ್ಡೂ ಆದವು. ಇವತ್ತಿಗೂ ನಾನು ಅನುಸರಿಸುವುದು ಇದೇ ಅಳತೆ.

2023ರಲ್ಲಿ ಚಿಕ್ಕಪ್ಪನ ಮಗನ ಮದುವೆ. ಈ ಸಲ ಲೇಸರ್ ಒಳ್ಳೆಯದು ಅಂತ ಯಾರೋ ಹೇಳಿದರು. ಅರಿಶಿನದ ಮಟ್ಟಿಗೆ ಅದು ಸರಿ. ಲೇಸರ್‌ನ ಟೋನರ್ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಅಂಟುತ್ತದೆ, ನೀರಿಗೆ ಹೆದರುವುದಿಲ್ಲ. ಆದರೆ ನಾವು ಆರಿಸಿದ್ದು ಮಿನುಗುವ ಮುತ್ತಿನ ಬಣ್ಣದ ದಪ್ಪ ಬೋರ್ಡು. ಊರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಮಡಿಚಿದ ಕಡೆ ಗಾಢ ಬಣ್ಣ ಬಿರುಕುಬಿಟ್ಟು ಬಿಳಿ ಗೆರೆ ಮೂಡಿತು. ಉಗುರು ತಾಗಿದರೆ ಅಕ್ಷರ ಉದುರಿತು. ನುಣುಪಾದ ಮಾಮೂಲಿ ಆರ್ಟ್ ಬೋರ್ಡಿನಲ್ಲಿ ಅದೇ ಮೆಷಿನ್ ಚೆನ್ನಾಗಿ ಕೆಲಸ ಮಾಡಿತು. ಮಡಿಕೆಯ ಜಾಗದಲ್ಲಿ ಬಣ್ಣ ತುಂಬಬೇಡಿ. ಮಡಿಚುವ ಮೊದಲು ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೆರೆ ಒತ್ತಿಕೊಳ್ಳಿ.

ಕಾಗದದ ದಪ್ಪದ ಬಗ್ಗೆ ಎರಡು ಮಾತು. ನಮ್ಮ ಪ್ರಿಂಟರ್‌ಗೆ ಹಿಂದಿನ ಟ್ರೇ ಇದೆ, ಕಾಗದ ಹೆಚ್ಚು ಬಾಗದೆ ಒಳಗೆ ಹೋಗುತ್ತದೆ. 220 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ತನಕ ತೊಂದರೆ ಇಲ್ಲ. 300 ಹಾಕಿದರೆ ರೋಲರ್ ಜಾರಿ ಅಕ್ಷರ ಎರಡೆರಡಾಗಿ ಬಿತ್ತು. ಮುಂದಿನ ಟ್ರೇ ಮಾತ್ರ ಇರುವ ಪ್ರಿಂಟರ್‌ನಲ್ಲಿ ಕಾಗದ ಪೂರ್ತಿ ತಿರುಗಿ ಬರಬೇಕು, ದಪ್ಪ ಕಾಗದಕ್ಕೆ ಅದು ಆಗದು. ಕೈಕಾಗದ ನೋಡಲು ಸುಂದರ. ಆದರೆ ಇಂಕ್ ಅದರ ನಾರುಗಳಲ್ಲಿ ಹರಡುತ್ತದೆ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಒತ್ತಕ್ಷರದ ವಿಷಯ ನನಗೆ ಬಹಳ ಮುಖ್ಯ. ಕನ್ನಡ ಕಾರ್ಡಿನ ಅಂದ ಇರುವುದೇ ಅಲ್ಲಿ. ‘ಲಕ್ಷ್ಮಿ’, ‘ಶ್ರೀಮತಿ’, ‘ಮಾಂಗಲ್ಯ’, ಎಲ್ಲದಕ್ಕೂ ಕೆಳಗೆ ಜಾಗ ಬೇಕು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಟ್ಟರೆ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅಕ್ಷರದ ಗಾತ್ರ 14 ಪಾಯಿಂಟ್‌ಗಿಂತ ಸಣ್ಣದು ಬೇಡ. ಗಾಢ ಕೆಂಪಿನ ಮೇಲೆ ಬಿಳಿ ಅಕ್ಷರವಂತೂ ಮನೆ ಪ್ರಿಂಟರ್‌ನಲ್ಲಿ ಬೇಡವೇ ಬೇಡ. ಸುತ್ತಲ ಇಂಕ್ ಒಳಕ್ಕೆ ಹರಿದು ಒತ್ತು ಮಾಯವಾಗುತ್ತದೆ. ಹೊರಗೆ ಕೊಡುವುದಾದರೆ ಪಿಡಿಎಫ್ ಮಾಡಿ ಕೊಡಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಬರುತ್ತವೆ. ಪ್ರೂಫ್, ಅಂದರೆ ತಪ್ಪು ನೋಡಲು ಕೊಡುವ ಮೊದಲ ಪ್ರತಿ, ಕೈಗೆ ಬಂದಾಗ ಹೆಸರುಗಳನ್ನು ಗಟ್ಟಿಯಾಗಿ ಓದಿ.

ಮನೆ ಪ್ರಿಂಟರ್ ನನ್ನ ಮನಸ್ಸು ಗೆದ್ದದ್ದು ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ. 40 ಕಾರ್ಡ್ ಆದ ಮೇಲೆ ಅತ್ತೆ ಬಂದು, "ನಮ್ಮ ಮಾವನವರ ಹೆಸರು ಬಿಟ್ಟಿದ್ದೀಯಲ್ಲಪ್ಪಾ" ಅಂದರು. ಪ್ರೆಸ್‌ನಲ್ಲಾಗಿದ್ದರೆ ಪ್ಲೇಟ್ ಮುಗಿದಿರುತ್ತಿತ್ತು. ಮನೆಯಲ್ಲಿ ಐದು ನಿಮಿಷದ ಕೆಲಸ. ಅತ್ತೆ ತಮ್ಮ ಕಡೆಯವರಿಗೆ ಹಂಚುವ ಕಾರ್ಡುಗಳಲ್ಲಿ ಆ ಹೆಸರು ಸೇರಿಸಿ ಕೊಟ್ಟೆ. ಅಜ್ಜಿಗೆ ಬೇರೆಯೇ ಒಂದು ಕಾರ್ಡ್ ಮಾಡಿದೆ, 24 ಪಾಯಿಂಟ್ ಅಕ್ಷರದಲ್ಲಿ. ಕನ್ನಡಕ ಹಾಕಿದರೂ ಅವರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದನ್ನು ಹಿಡಿದು ತಿಥಿ, ನಕ್ಷತ್ರ, ಲಗ್ನ ಎಲ್ಲವನ್ನೂ ತಾವೇ ಓದಿದರು, ಯಾರ ಸಹಾಯವೂ ಇಲ್ಲದೆ. ದೇವರ ಮುಂದೆ ಇಟ್ಟ ಮೊದಲ ಕಾರ್ಡ್ ಕೂಡ ಅದೇ ಆಯಿತು.

ಮನೆಯಲ್ಲಿ ಆಗದೇ ಇರುವುದು ಬಂಗಾರದ ಬಣ್ಣ. ನಾಲ್ಕು ಇಂಕ್ ಸೇರಿದರೆ ಹೊಳಪಿಲ್ಲದ ಕಂದುಹಳದಿ ಬರುತ್ತದೆ, ಅಷ್ಟೇ. 2025ರಲ್ಲಿ ಭಾವಮೈದುನನ ಮದುವೆಗೆ ಬಂಗಾರದ ಗಣಪತಿ ಬೇಕೇ ಬೇಕು ಅಂದರು. ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗಿ ಬೋರ್ಡ್ ತಂದೆವು, ಸ್ಕ್ರೀನ್ ಪ್ರಿಂಟಿಂಗ್‌ಗೆ ಹೊರಪದರ ಮಾತ್ರ ಕೊಟ್ಟೆವು. ನಾನು ನಿಂತು ನೋಡಿದೆ. ಬಲೆಗೆ ಲೇಪ ಬಳಿದು ಮೇಲೆ ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ. ಕಪ್ಪಿನ ಮರೆಯಲ್ಲಿದ್ದ ಜಾಗ ನೀರಿಗೆ ತೊಳೆದು ಹೋಗುತ್ತದೆ. ಅಲ್ಲಿಂದ ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿ ಎಳೆದು ಬಂಗಾರದ ಇಂಕ್ ಇಳಿಸುತ್ತಾರೆ. ಮುಟ್ಟಿದರೆ ಇಂಕ್ ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಒಂದೇ ಬಣ್ಣ, ಒಂದೇ ಸ್ಕ್ರೀನ್, ಖರ್ಚೂ ಮಿತಿಯಲ್ಲೇ ಇತ್ತು. ಹೆಸರು, ದಿನಾಂಕ ಏನೂ ಇಲ್ಲದ ಕಾರಣ ತಪ್ಪಿನ ಭಯವೂ ಇರಲಿಲ್ಲ. ಒಳಹಾಳೆಯನ್ನು ಮನೆಯಲ್ಲಿ ಕಪ್ಪಿನಲ್ಲಿ ತೆಗೆದು ಕೆಂಪು ದಾರದಿಂದ ಕಟ್ಟಿದೆವು. 180 ಕಾರ್ಡ್. ಅರಿಶಿನ ಹಚ್ಚಿದ್ದು ಹೊರಪದರಕ್ಕೆ, ಒಂದೂ ಕೆಡಲಿಲ್ಲ. ಮೂರು ಮದುವೆಯಲ್ಲಿ ನನಗೆ ಪೂರ್ತಿ ತೃಪ್ತಿ ಕೊಟ್ಟದ್ದು ಈ ದಾರಿ.

ಐದು ವರ್ಷದಲ್ಲಿ ಪ್ರಿಂಟರ್ ಕೈಕೊಟ್ಟದ್ದು ಒಮ್ಮೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಸುಮ್ನೆ ಬಿಟ್ಟಿದ್ದೆವು, ಇಂಕ್ ಚಿಮ್ಮುವ ಹೆಡ್ ಒಣಗಿ ಅಕ್ಷರದ ನಡುವೆ ಬಿಳಿ ಗೆರೆ ಬಂತು. ಕ್ಲೀನಿಂಗ್ ನಾಲ್ಕು ಸಲ ಓಡಿಸಿದ ಮೇಲೆ ಸರಿಯಾಯಿತು, ಇಂಕ್ ಮಾತ್ರ ಜಾಸ್ತಿ ಹೋಯಿತು. ಆ ಹೋದ ಇಂಕ್ ಒಳಗಿನ ಪ್ಯಾಡಿಗೆ ಸೇರುತ್ತದೆ, ಅದು ತುಂಬಿದರೆ ಪ್ರಿಂಟರ್ ನಿಂತುಬಿಡುತ್ತದೆ. ಈಗ ವಾರಕ್ಕೊಂದು ಬಣ್ಣದ ಪುಟ ತಪ್ಪದೆ ತೆಗೆಯುತ್ತೇನೆ. ಮದುವೆ ಕೆಲಸ ಇದ್ದರೆ ಒಂದು ತಿಂಗಳು ಮೊದಲೇ ಹೆಡ್ ಪರೀಕ್ಷೆ ಮಾಡಿಕೊಳ್ಳಿ, ಕಪ್ಪು ಬಾಟಲಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ತಂಗಿಯ ಕಾರ್ಡನ್ನು ಅಮ್ಮ ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ಇಟ್ಟಿದ್ದಾರೆ. ಕಿಟಕಿಯ ಬೆಳಕು ನೇರ ಬೀಳುವ ಗೋಡೆ. ಗಣಪತಿಯ ಕೆಂಪು ಈಗ ತಿಳಿ ಗುಲಾಬಿಯಾಗಿದೆ, ಮೂಲೆಯ ಅರಿಶಿನ ಮಾಸಿದೆ. ಕಪ್ಪು ಅಕ್ಷರಗಳು ಮಾತ್ರ ಅವತ್ತು ಇದ್ದ ಹಾಗೇ ಇವೆ. ಮೊನ್ನೆ ಅದನ್ನು ತೆಗೆದು ದೇವರ ಕೋಣೆಯ ಪಕ್ಕದ ಗೋಡೆಗೆ ಹಾಕಿದೆ, ಅಲ್ಲಿ ಬಿಸಿಲು ಬರುವುದಿಲ್ಲ.